ಮೀಥೇನ್ ಉಸಿರಿನ ಪರೀಕ್ಷೆ ಎಲ್ಲಿ, ಹೇಗೆ ಮಾಡಿಸೋದು? ಗೊತ್ತಿದ್ದವರು ಹೇಳಿ

ಹಾಸನದ ಮಗಳು: ಅಮ್ಮನಿಗೆ 58, ಸಕ್ಕರೆ ಕಾಯಿಲೆ ಇದೆ. ಬಹಳ ಕಾಲದಿಂದ ಮಲಬದ್ಧತೆ, ಊಟ ಆದ ಕೂಡಲೇ ಹೊಟ್ಟೆ ತಮಟೆ ಥರ ಬಿಗಿ. ಎಂಡೋಸ್ಕೋಪಿ, ಸ್ಕ್ಯಾನ್, ಥೈರಾಯ್ಡ್ ಎಲ್ಲ ಸರಿಯಿದೆ. ಈಗ ಬ್ರೆತ್ ಟೆಸ್ಟ್ ಬರೆದಿದ್ದಾರೆ: ಸಿಹಿ ದ್ರಾವಣ ಕುಡಿಸಿ, ಕರುಳಲ್ಲಿ, ಮುಖ್ಯವಾಗಿ ಸಣ್ಣಕರುಳಲ್ಲಿ, ಸೂಕ್ಷ್ಮಾಣು ಮಿತಿಮೀರಿವೆಯಾ ಅಂತ ಅವು ಬಿಡೋ ಅನಿಲವನ್ನ ಉಸಿರಲ್ಲಿ ಅಳೆಯೋದಂತೆ. ಒಂದು ಕಡೆ ಹೈಡ್ರೋಜನ್ ಮಾತ್ರ, ಇನ್ನೊಂದು ಕಡೆ ಮೀಥೇನೂ ಸೇರಿ ಹೆಚ್ಚುಕಮ್ಮಿ ಎರಡರಷ್ಟು ದುಡ್ಡು. ಯಾವುದು ಮಾಡಿಸಲಿ?

ಲ್ಯಾಬ್ ಮೇಜು, ಮೈಸೂರು: ಮಲಬದ್ಧತೆ ಇರೋರು ಹೈಡ್ರೋಜನ್ ಮಾತ್ರ ಅಳೆಯೋ ಮೆಷಿನ್‌ಗೆ ಕೊಟ್ಟ ದುಡ್ಡು ದಂಡ. ಮೀಥೇನ್ ಮಾಡೋದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಅನ್ನೋ ಬೇರೆಯೇ ಗುಂಪಿನ ಸೂಕ್ಷ್ಮಾಣು. ಮುಖ್ಯವಾಗಿ ಮೆಥನೋಬ್ರೆವಿಬ್ಯಾಕ್ಟರ್ ಸ್ಮಿತಿಯೈ. ಬ್ಯಾಕ್ಟೀರಿಯಾ ಬಿಟ್ಟ ಹೈಡ್ರೋಜನ್ ಅದಕ್ಕೆ ಊಟ. ನಾಲ್ಕು ಅಣು ಹೈಡ್ರೋಜನ್ ತಿಂದು ಒಂದು ಅಣು ಮೀಥೇನ್ ಬಿಡುತ್ತೆ. ಹಾಗಾಗಿ ಹೈಡ್ರೋಜನ್ ಗೆರೆ ಚಪ್ಪಟೆ, ವರದಿಯಲ್ಲಿ 'ನೆಗೆಟಿವ್'. ಆ ಒಂದು ಪದ ನಂಬಿಕೊಂಡು, 'ಎಲ್ಲ ನಿಮ್ಮ ಟೆನ್ಷನ್' ಅಂತ ಅನ್ನಿಸಿಕೊಂಡು ಮನೆಗೆ ಹೋಗುವವರನ್ನ ನೋಡಿದರೆ ಹೊಟ್ಟೆ ಉರಿಯುತ್ತೆ.

2017ರ ಉತ್ತರ ಅಮೆರಿಕದ ತಜ್ಞರ ಒಮ್ಮತದ ಪ್ರಕಾರ ಮೀಥೇನ್ ಯಾವ ಹೊತ್ತಲ್ಲಾದರೂ 10 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಹತ್ತು) ಮುಟ್ಟಿದರೆ ಪಾಸಿಟಿವ್. ಹೈಡ್ರೋಜನ್ನಿಗೆ 90 ನಿಮಿಷದೊಳಗೆ ಆರಂಭದ ಮಟ್ಟಕ್ಕಿಂತ 20 ಏರಬೇಕು.

ದುಡ್ಡು ಕಟ್ಟೋ ಮೊದಲು ಇನ್ನೊಂದು ಕೇಳಿ: ಕಾರ್ಬನ್ ಡೈಆಕ್ಸೈಡ್ ಇಲ್ಲವೇ ಆಮ್ಲಜನಕ ನೋಡಿ ಲೆಕ್ಕ ಸರಿಪಡಿಸ್ತಾರಾ? ಉಸಿರು ಹಿಡಿಯೋ ಚೀಲಕ್ಕೆ ಬೇಕಿರೋದು ಶ್ವಾಸಕೋಶದ ಆಳದ ಗಾಳಿ, ಅಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 5.5%. ರೋಗಿ ಬಾಯಿತುದಿಯಿಂದ ಉಫ್ ಅಂತ ಊದಿದರೆ ಕೋಣೆಯ ಗಾಳಿ ಬೆರೆಯುತ್ತೆ. ಚೀಲದಲ್ಲಿ 2.75% ಬಂತು, ಮೀಥೇನ್ 6 ಬಂತು ಅಂದ್ಕೊಳ್ಳಿ: 5.5 ಭಾಗಿಸು 2.75, ಅಂದರೆ ಎರಡು ಪಟ್ಟು. ನಿಜವಾದ ಮೀಥೇನ್ 12. ಸರಿಪಡಿಸದ ವರದಿಯಲ್ಲಿ ಇದೇ ಮನುಷ್ಯ ನಾರ್ಮಲ್! ಉಸಿರು ಎಳೆದು 15 ಸೆಕೆಂಡ್ ಹಿಡಿದು, ಮೊದಲ ಭಾಗ ಹೊರಗೆ ಬಿಟ್ಟು, ಕೊನೆಯದನ್ನ ಚೀಲಕ್ಕೆ ಊದಿಸಬೇಕು. ಕುಡಿಸೋದು ಲ್ಯಾಕ್ಟುಲೋಸ್ 10 ಗ್ರಾಂ, ನಮ್ಮಲ್ಲಿ ಸಿಗೋ ಸಿರಪ್‌ನಲ್ಲಿ 15 ಎಂಎಲ್. ಅದೇ ಸರಿ.

ಗ್ಯಾಸ್ಟ್ರೋ ಪಿಜಿ, ಮಂಗಳೂರು: ಕೊನೇ ಸಾಲು ಒಪ್ಪಲ್ಲ. ಲ್ಯಾಕ್ಟುಲೋಸ್ ಸಣ್ಣಕರುಳಲ್ಲಿ ಹೀರಲ್ಪಡೋದೇ ಇಲ್ಲ, ದೊಡ್ಡಕರುಳಿಗೆ ಹೋಗೇ ಹೋಗುತ್ತೆ. ಮೇಲಿಂದ ತಾನೇ ಕರುಳಿನ ಓಟ ಹೆಚ್ಚಿಸುತ್ತೆ. 80ನೇ ನಿಮಿಷದ ಏರಿಕೆ ಸಣ್ಣಕರುಳಿನದೋ ದೊಡ್ಡಕರುಳಿನದೋ ಯಾರಿಗೆ ಗೊತ್ತು? ನಾನು ಬರೆಯೋದು ಗ್ಲೂಕೋಸ್ 75 ಗ್ರಾಂ. ಸುಳ್ಳು ಪಾಸಿಟಿವ್ ಕಮ್ಮಿ.

ಲ್ಯಾಬ್ ಮೇಜು, ಮೈಸೂರು: ಗ್ಲೂಕೋಸ್ ಸಣ್ಣಕರುಳಿನ ಮೇಲ್ಭಾಗದಲ್ಲೇ ಖಾಲಿ. ಅದರ ಕೆಳತುದಿಯ ಭಾಗ ಇಲಿಯಮ್‌ನಲ್ಲಿ ಏನಿದ್ದರೂ ನಿಮಗೆ ಕಾಣೋದೇ ಇಲ್ಲ. ಸುಳ್ಳು ನೆಗೆಟಿವ್‌ಗೆ ಜವಾಬ್ದಾರಿ ಯಾರು ಹೊರ್ತಾರೆ?

ಗ್ಯಾಸ್ಟ್ರೋ ಪಿಜಿ, ಮಂಗಳೂರು: ಹೈಡ್ರೋಜನ್ ವಿಷಯದಲ್ಲಿ ಮಾತ್ರ ಆ ವಾದ ನಿಲ್ಲುತ್ತೆ. ಮೀಥೇನ್ ಸಾಮಾನ್ಯವಾಗಿ ಖಾಲಿಹೊಟ್ಟೆಯ ಮೊದಲ ಚೀಲದಲ್ಲೇ ಮೇಲಿರುತ್ತೆ, ಏನು ಕುಡಿಸಿದರೂ ಹೆಚ್ಚು ಅಲುಗಾಡಲ್ಲ. ಮೊದಲ ಚೀಲದಲ್ಲೇ 30, 40 ಬಂದ ರೋಗಿಯನ್ನ ಮೂರು ಗಂಟೆ ಬೆಂಚಲ್ಲಿ ಕೂರಿಸಿ ಪೂರ್ತಿ ಬಿಲ್ ಮಾಡೋದು ಅನ್ಯಾಯ. ಇಷ್ಟೂ ಗೊತ್ತಿರಲಿ: ಆರೋಗ್ಯವಂತರಲ್ಲೂ ಎಷ್ಟೋ ಜನರ ಉಸಿರಲ್ಲಿ ಮೀಥೇನ್ ಇರುತ್ತೆ. ಲಕ್ಷಣ ಬಿಟ್ಟು ಬರೀ ಅಂಕಿಗೆ ಮದ್ದು ಕೊಡಬಾರದು.

ಲ್ಯಾಬ್ ಮೇಜು, ಮೈಸೂರು: ಬಿಲ್ ಮಾಡೋದು ನಾವಲ್ಲ. ಬರೆದುಕೊಡೋ ಡಾಕ್ಟರೇ 'ಪೂರ್ತಿ ಮಾಡಿ' ಅಂತ ಚೀಟಿ ಕಳಿಸ್ತಾರೆ. ಬೆಂಚಿನ ಅನ್ಯಾಯ ಅವರಿಗೆ ಹೇಳಿ.

ಔಷಧಿ ಅಂಗಡಿ, ಧಾರವಾಡ: ನೀವಿಬ್ರೂ ಪರೀಕ್ಷೆ ಮ್ಯಾಲೇ ನಿಂತೀರಿ. ಖರ್ಚು ಸುರು ಆಗೂದು ಆಮ್ಯಾಲ್ರೀ. ರಿಫಾಕ್ಸಿಮಿನ್ ಅನ್ನೂ ಆಂಟಿಬಯಾಟಿಕ್ 550 ಮಿಲಿಗ್ರಾಂ, ದಿನಕ್ಕ ಮೂರು, 14 ದಿನ: 42 ಮಾತ್ರೆ. ಒಂದಕ್ಕ ನಲವತ್ತು-ಐವತ್ತು ರೂಪಾಯಿ ಹಿಡಿದ್ರೂ ಎರಡು ಸಾವಿರದ ಆಸುಪಾಸು. ಹತ್ತರ ಪಟ್ಟಿ ಬರ್ತಾವ, ನಾಕು ಪಟ್ಟಿ ಒಯ್ದು 'ಎರಡು ಉಳದ್ವು, ನಡೀತೈತಿ' ಅಂತ ಕೊನೀ ಗುಳಿಗಿ ಬಿಡ್ತಾರ. ಬಿಡಬ್ಯಾಡ್ರಿ, ಬಿಡಿ ಎರಡು ಕೇಳಿ ಒಯ್ರಿ.

ಮೀಥೇನ್‌ಗೆ ರಿಫಾಕ್ಸಿಮಿನ್ ಒಂದ ಸಾಲೂದಿಲ್ಲ. 2010ರಾಗ ಅಮೆರಿಕದ ಸಂಶೋಧಕ ಪಿಮೆಂಟೆಲ್ ತಂಡ ಹಳೇ ದಾಖಲೆ ತಗದು ನೋಡಿದಾಗ, ನಿಯೋಮೈಸಿನ್ ಅನ್ನೂ ಇನ್ನೊಂದು ಆಂಟಿಬಯಾಟಿಕ್ ಜೋಡಿ ಕೊಟ್ಟವರಾಗ 87% ಮಂದಿಗೆ ಮೀಥೇನ್ ಹೋಗಿತ್ತು, ರಿಫಾಕ್ಸಿಮಿನ್ ಒಂದ ಕೊಟ್ಟವರಾಗ 28%. ಸಣ್ಣ ಲೆಕ್ಕ, ಖರೆ; ಆದ್ರ ಇವತ್ತಿಗೂ ಎಲ್ಲಾರೂ ಅದನ್ನ ಹಿಡದಾರ. ನಿಯೋಮೈಸಿನ್ 500, ದಿನಕ್ಕ ಎರಡು. ನುಂಗೂ ನಿಯೋಮೈಸಿನ್ ಎಲ್ಲಾ ಅಂಗಡ್ಯಾಗ ಇರೂದಿಲ್ಲ. ಮೂತ್ರಪಿಂಡ ಸರಿ ಇಲ್ದವರಿಗೆ, ಕಿವಿ ಮಂದ ಇದ್ದವರಿಗೆ ಅದು ಬ್ಯಾಡ. ಅದು ಸಿಗದಾಗ ಕೆಲವರು ಮೆಟ್ರೋನಿಡಜೋಲ್ ಬರೀತಾರ: ಬಾಯಾಗ ಲೋಹದ ರುಚಿ, ಮದ್ಯ ಕುಡಿಯೂದು ಪೂರಾ ಬಂದ್.

ಗ್ಯಾಸ್ಟ್ರೋ ಪಿಜಿ, ಮಂಗಳೂರು: ಡೋಸ್ ಓದಿ ಯಾರೂ ತಾವೇ ಕೊಂಡು ನುಂಗಬೇಡಿ. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ನೋಡದೆ ನಿಯೋಮೈಸಿನ್ ಕೊಡೋ ಹಾಗಿಲ್ಲ.

ಔಷಧಿ ಅಂಗಡಿ, ಧಾರವಾಡ: ಚೀಟಿ ಇಲ್ದ ನಾ ಕೊಡೂದೂ ಇಲ್ಲ. ಮೂತ್ರಪಿಂಡದ ಮಾತು ಮ್ಯಾಲೇ ಬರದೀನಿ, ಓದ್ರಿ.

ಹಾಸನದ ಮಗಳು: ಅಮ್ಮನ ಸಕ್ಕರೆ ಬಗ್ಗೆ ಯಾರೂ ಹೇಳಲಿಲ್ಲ.

ಗ್ಯಾಸ್ಟ್ರೋ ಪಿಜಿ, ಮಂಗಳೂರು: ಅಮ್ಮನಿಗೆ ಲ್ಯಾಕ್ಟುಲೋಸೇ ಕೇಳಿ. 75 ಗ್ರಾಂ ಗ್ಲೂಕೋಸ್ ಅವರಿಗೆ ಬೇಡ. ಉಪವಾಸದ ಬೆಳಿಗ್ಗೆ ಸಕ್ಕರೆ ಮಾತ್ರೆ ತಗೊಳ್ಳಬೇಕಾ ಅಂತ ಅವರ ಡಾಕ್ಟರನ್ನ ಮೊದಲೇ ವಿಚಾರಿಸಿ. ಮಲಬದ್ಧತೆಗೆ ದಿನಾ ಲ್ಯಾಕ್ಟುಲೋಸ್, ಇಸಬ್ಗೋಲ್ ಅಥವಾ ಪ್ರುಕಲೋಪ್ರೈಡ್ ನಡೀತಿದ್ದರೆ ಒಂದು ವಾರ ಮುಂಚೆ ನಿಲ್ಲಬೇಕು, ಆಂಟಿಬಯಾಟಿಕ್ ನಿಂತು ನಾಲ್ಕು ವಾರ ಆಗಿರಬೇಕು. ಕೌಂಟರ್‌ನಲ್ಲಿ ಬರೀ 'ಬ್ರೆತ್ ಟೆಸ್ಟ್' ಅನ್ನಬೇಡಿ, ಜಠರದ ಬ್ಯಾಕ್ಟೀರಿಯಾ ಎಚ್ ಪೈಲೋರಿಯ ಯೂರಿಯಾ ಬ್ರೆತ್ ಟೆಸ್ಟ್‌ಗೆ ರಸೀದಿ ಹರಿದುಬಿಡ್ತಾರೆ. ಅದು ಬೇರೆಯೇ ಪರೀಕ್ಷೆ.

ಆಹಾರ ತಜ್ಞೆ, ಶಿವಮೊಗ್ಗ: ಮೆಷಿನ್ ಎಷ್ಟೇ ಒಳ್ಳೇದಿರಲಿ, ಹಿಂದಿನ ದಿನದ ತಟ್ಟೆ ತಪ್ಪಿದರೆ ಎಲ್ಲ ನೀರುಪಾಲು. ಬೇಳೆ, ಹಾಲು, ಮೊಸರು, ಮಜ್ಜಿಗೆ, ತರಕಾರಿ, ಹಣ್ಣು, ಈರುಳ್ಳಿ, ಬೆಳ್ಳುಳ್ಳಿ, ರಾಗಿ, ಗೋಧಿ ಯಾವುದೂ ಬೇಡ. ಬಿಸಿ ಬಿಳಿ ಅನ್ನ, ಉಪ್ಪು, ಸ್ವಲ್ಪ ತುಪ್ಪ. ತಿನ್ನೋರಾದರೆ ಮೊಟ್ಟೆ, ಮೀನು, ಕೋಳಿ. 'ಬೇಳೆ ಹಾಕಿಲ್ಲ, ತಿಳಿಸಾರು ಮಾತ್ರ' ಅಂತಾರೆ. ಆ ತಿಳಿ ಬಂದಿದ್ದು ಬೇಳೆಕಟ್ಟಿನಿಂದಲೇ ಅಲ್ವಾ? ಅಂಗಡಿ ಇಂಗಿನಲ್ಲಿ ಮೈದಾ, ಗೋಂದು ಬೆರೆತಿರುತ್ತೆ, ಅದೂ ಬೇಡ. ತಂಗಳನ್ನ ಬೇಡವೇ ಬೇಡ: ಅನ್ನ ಆರಿದಷ್ಟೂ ಜೀರ್ಣವಾಗದ ಪಿಷ್ಟ ಹೆಚ್ಚುತ್ತೆ, ಅದು ನೇರ ದೊಡ್ಡಕರುಳಿಗೆ. ಮಲಬದ್ಧತೆ ಜೋರಾಗಿದ್ದರೆ ಈ ಊಟ ಎರಡು ದಿನ ಮಾಡಲಿ. ಆಮೇಲೆ 8ರಿಂದ 12 ಗಂಟೆ ಉಪವಾಸ, ಬೆಳಿಗ್ಗೆ ಹಲ್ಲುಜ್ಜಿ, ಬೀಡಿ ಸಿಗರೇಟು ಮುಟ್ಟದೆ, ನಡೆದು ದಣಿಯದೆ ಹೋಗಲಿ.

ಕಡಲ ತಡಿ, ಕುಂದಾಪುರ: ಕುಚ್ಚಲಕ್ಕಿ ಗಂಜಿ ಬಿಟ್ಟಿರಲ್ಲ? ಬಾಣಂತಿಗೆ, ಜ್ವರ ಬಂದವರಿಗೆ ಅದನ್ನೇ ಕೊಡುವುದು. ಅದಕ್ಕಿಂತ ಹಗುರ ಯಾವುದುಂಟು?

ಆಹಾರ ತಜ್ಞೆ, ಶಿವಮೊಗ್ಗ: ಹಗುರ ಅನ್ನೋದು ಬೇರೆ, ಕರುಳಲ್ಲಿ ಏನೂ ಉಳಿಯಬಾರದು ಅನ್ನೋದು ಬೇರೆ. ಕೆಂಪು ಕುಚ್ಚಲಕ್ಕಿಯಲ್ಲಿ ತೌಡು ಇರುತ್ತೆ, ಕುಚ್ಚಿ ಒಣಗಿಸಿದ್ದರಿಂದ ಜೀರ್ಣವಾಗದ ಪಿಷ್ಟವೂ ಸೇರಿರುತ್ತೆ. ಜ್ವರಕ್ಕೆ ಕೊಡಿ, ಪರೀಕ್ಷೆ ಹಿಂದಿನ ದಿನ ಬೇಡ.

ಕಡಲ ತಡಿ, ಕುಂದಾಪುರ: ಘಟ್ಟದ ಮೇಲಿನವರಿಗೆ ಗಂಜಿ ಅಂದರೆ ಯಾವಾಗಲೂ ಸಸಾರ.

ಗ್ಯಾಸ್ಟ್ರೋ ಪಿಜಿ, ಮಂಗಳೂರು: ನಾನೂ ಗಂಜಿ ಉಂಡು ಬೆಳೆದವನೇ. ಅವರು ಹೇಳಿದ್ದು ಸರಿ. ಮೊದಲ ಚೀಲದಲ್ಲೇ ಹೈಡ್ರೋಜನ್ 20 ದಾಟಿದ್ದರೆ ನಾನು ಮೊದಲು ಕೇಳೋದು ರಾತ್ರಿ ಏನು ಉಂಡಿರಿ ಅಂತಲೇ. ಆಮೇಲೆ ಪರೀಕ್ಷೆ ಇನ್ನೊಂದು ದಿನಕ್ಕೆ.