ಸಹಾಯ ಬೇಕು: ಮನಸ್ಸು ಹೊಸದಾಗೋಕೆ ವಾರದ ಗುರಿ ಹೇಗಿರಬೇಕು?

ಎಲ್ಲರಿಗೂ ಪ್ರೈಸ್ ದ ಲಾರ್ಡ್. ನಾನು ದಾವಣಗೆರೆಯವಳು, ಮಂಡಿಪೇಟೆ ಕಡೆ ಸೀರೆ ಅಂಗಡೀಲಿ ಕೆಲಸ. ಬೈಬಲಿನ ರೋಮಾಪುರದವರಿಗೆ ಪತ್ರದ 12:2ರಲ್ಲಿ ಮನಸ್ಸು ಹೊಸದಾಗಬೇಕು ಅಂತ ಪೌಲ ಬರೀತಾನಲ್ಲ, ಈ ವರ್ಷ ಅದನ್ನೇ ಹಿಡ್ಕೊಂಡಿದೀನಿ.

ಮೊದಲು ವರ್ಷದೊಳಗೆ ಇಡೀ ಬೈಬಲ್ ಓದೋ ಪಟ್ಟಿ ಹಿಡಿದೆ. 1,189 ಅಧ್ಯಾಯ, ಅಂದ್ರೆ ದಿನಕ್ಕೆ ಮೂರ್ನಾಲ್ಕು. ಮೂರನೇ ಪುಸ್ತಕ ಯಾಜಕಕಾಂಡಕ್ಕೆ ಬರೋ ಹೊತ್ತಿಗೆ ಬಂಡಿ ನಿಂತೋಯ್ತು (ಅಲ್ಲೇ ನಿಂತವರು ಇಲ್ಲೂ ಇರ್ಬೇಕು!). ಆಮೇಲೆ ದಿನಕ್ಕೊಂದು ವಚನ ಬಾಯಿಪಾಠ ಮಾಡ್ದೆ. ವಚನವೇನೋ ಬರುತ್ತೆ. ಆದ್ರೆ ಗಿರಾಕಿ ರಾಶಿ ಸೀರೆ ಬಿಚ್ಚಿಸಿ, ಸೆರಗು ಹೆಗಲಿಗೆ ಹಾಕಿ ನೋಡಿ, ‘ಆಮೇಲ್ ಬರ್ತೀವಿ’ ಅಂತ ಎದ್ದೋದಾಗ, ಮಡಚ್ತಾ ಮಡಚ್ತಾ ಒಳಗೆ ಬೈಗುಳಾನೇ ಓಡುತ್ತೆ.

ಸಭೆಯ ಅಕ್ಕ ಒಬ್ರು, ‘ಫಿಲಿಪ್ಪಿಯವರಿಗೆ 4:8 ತಗೋ, ಸತ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು ಇಂಥವನ್ನೇ ಯೋಚಿಸಿ ಅನ್ನುತ್ತೆ. ಅದರಲ್ಲಿ ವಾರಕ್ಕೆ ಒಂದೇ ವಿಷಯ. ಈ ವಾರ ಸತ್ಯವಾದದ್ದು, ಅಷ್ಟೇ’ ಅಂದ್ರು. ಹಿಡಿಸ್ತು. ಗೊಂದಲ ಇಲ್ಲೇ: ಅಧ್ಯಾಯ ಓದಿದ್ರೆ ಟಿಕ್ ಹಾಕ್ಬಹುದು, ಯೋಚನೆಗೆ ಹೇಗೆ ಹಾಕೋದು? ಮಧ್ಯೆ ಸಿಟ್ಟು ಬಂದ್ರೆ ಆ ವಾರ ಮತ್ತೆ ಮೊದಲಿಂದಾನಾ, ಇಲ್ಲ ಮುಂದಕ್ಕೆ ಹೋಗೋದಾ?

ದಿನವಿಡೀ ಕೆಲಸದಲ್ಲಿರೋರು ಯಾರಾದ್ರೂ ಇದನ್ನ ಮಾಡಿದ್ರೆ ಹೇಳಿ: ವಾರಕ್ಕೆ ಏನು ಗುರಿ ಇಟ್ಕೊಂಡ್ರಿ, ಅದು ಆಯ್ತು ಅಂತ ಯಾವುದರಿಂದ ತಿಳ್ಕೊಂಡ್ರಿ?