ರಾತ್ರಿ ಊಟ ಸೇರಿದೆ

ಹೋದ ಭಾನುವಾರ ನಮ್ಮ ಮನೆ ಗುಂಪಿನಲ್ಲಿ ಅಂಡಮಾನ್ ಪ್ರವಾಸದ ಬಗ್ಗೆ ನಡೆದ ಮಾತು ಇದು. ನನ್ನ ಫೋನಿನಲ್ಲಿ ಯಾರ ಹೆಸರು ಹೇಗೆ ಇದೆಯೋ ಹಾಗೇ ಹಾಕಿದ್ದೇನೆ. ನಮ್ಮ ಮನೆ ಸಿಂಧನೂರು. ನಾನು ಮದುವೆಯಾದ ಮೇಲೆ ರಾಯಚೂರಿನಲ್ಲಿದ್ದೇನೆ.

ಅಣ್ಣ: ಎಲ್ಲರೂ ನೋಡಿ. ಏಜೆಂಟ್ ಪಿಡಿಎಫ್ ಕಳಿಸಿದ್ದಾರೆ. ಡಿಸೆಂಬರ್ ರಜೆಗೆ ಅಂಡಮಾನ್, 5 ರಾತ್ರಿ 6 ಹಗಲು, ನಾವು 9 ಜನ. ಪೋರ್ಟ್ ಬ್ಲೇರ್ 1 ರಾತ್ರಿ, ಹ್ಯಾವ್ಲಾಕ್ 2, ನೀಲ್ 1, ಕೊನೆಗೆ ಮತ್ತೆ ಪೋರ್ಟ್ ಬ್ಲೇರ್ 1. ಬೆಳಗಿನ ತಿಂಡಿ, ರಾತ್ರಿ ಊಟ ಎರಡೂ ಸೇರಿದೆ. ಇವತ್ತು ರಾತ್ರಿಯೊಳಗೆ ಹೂಂ ಅಂದರೆ ನಾಳೆ ಅಡ್ವಾನ್ಸ್ ಹಾಕುತ್ತೇನೆ.

ಕಾಕಾ: ಇದರಲ್ಲಿ ಸ್ವರಾಜ್ ದ್ವೀಪ, ಶಹೀದ್ ದ್ವೀಪ ಅಂತ ಬರೆದಿದೆಯಲ್ಲಪ್ಪ. ನೀನು ಹೇಳಿದ ಹ್ಯಾವ್ಲಾಕ್ ಎಲ್ಲಿದೆ?

ಅಣ್ಣನ ಮಗ: ಎರಡೂ ಒಂದೇ ಸಣ್ಣಜ್ಜ. 2018ರಲ್ಲಿ ಹ್ಯಾವ್ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಅಂತ ಹೆಸರಿಟ್ಟರು. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯ್ತು.

ನಾನು: ಅಣ್ಣ, ದಿನ, ದೋಣಿ, ಹೋಟೆಲ್ ಎಲ್ಲ ಚೆನ್ನಾಗಿದೆ. ರಾತ್ರಿ ಊಟ ಮಾತ್ರ ತೆಗೆಸು. ತಿಂಡಿ ಇರಲಿ.

ಅಣ್ಣ: ಯಾಕೆ? ತಲೆಗೆ ರಾತ್ರಿಗೆ 650 ರೂಪಾಯಿ ಅಷ್ಟೇ. ಗೊತ್ತಿಲ್ಲದ ಊರಲ್ಲಿ ಅವ್ವನನ್ನು, ಮಕ್ಕಳನ್ನು ಕರೆದುಕೊಂಡು ಕತ್ತಲಲ್ಲಿ ಹೋಟೆಲ್ ಹುಡುಕಬೇಕಾ?

ನಾನು: ಹೋದ ವರ್ಷ ಅಂಡಮಾನಿಗೆ ಹೋದಾಗ ನಾವೂ ಹೀಗೇ ಊಟ ಸೇರಿಸಿ ದುಡ್ಡು ಕೊಟ್ಟಿದ್ದೆವು. ನಾಲ್ಕು ರಾತ್ರಿ ಅದೇ ಪನೀರ್ ಬಟರ್ ಮಸಾಲಾ, ಅದೇ ನೂಡಲ್ಸ್, ಅದೇ ಗುಲಾಬ್ ಜಾಮೂನು. ಸಮುದ್ರ ಕಿವಿಗೆ ಕೇಳಿಸುತ್ತಿತ್ತು, ತಟ್ಟೆಯಲ್ಲಿ ಮಾತ್ರ ಒಂದು ತುಂಡು ಮೀನಿಲ್ಲ. ಆ ಊಟ ನಾವು ರಾಯಚೂರು ಸ್ಟೇಷನ್ ರಸ್ತೆಯಲ್ಲೇ ಮಾಡಬಹುದಿತ್ತು. ಅಷ್ಟು ದೂರ ಹೋಗಿ ಹಾಗೆ ತಿಂದು ಬಂದೆವಲ್ಲ ಅಂತ ನನಗೆ ಇವತ್ತಿಗೂ ಬೇಜಾರಿದೆ.

ಕಾಕಾ: ಮೀನಿನ ಆಸೆ ನಿನಗಿದೆ, ನನಗಿಲ್ಲ. ಸಮುದ್ರದ ಮೀನು ವಾಸನೆ. ನಮಗೆ ತುಂಗಭದ್ರೆಯ ಮೀನೇ ಸರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ಆರು ದಿನ ತೆಗೆಯಬಹುದು.

ಅತ್ತಿಗೆ: ಒಂದು ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ವರ್ಷಕ್ಕೆ 365 ದಿನ ಬೆಳಗ್ಗೆ ಎದ್ದ ಕೂಡಲೇ ನನ್ನ ತಲೆಯಲ್ಲಿ ಬರುವುದು ಇವತ್ತು ಏನು ಮಾಡಲಿ ಅನ್ನುವುದೇ. ಇವರಿಗೆ ಬ್ಯಾಳಿ, ಅತ್ತೆಗೆ ಮೆತ್ತಗಿನ ಅನ್ನ, ಇವನಿಗೆ ಇನ್ನೊಂದು. ರಜೆ ಅಂದರೆ ನನಗೆ ಸಮುದ್ರ ಆಮೇಲೆ. ಊಟದ ಯೋಚನೆ ಇಲ್ಲದ ಐದು ದಿನ, ಅದೇ ರಜೆ. ಎಂಟು ಗಂಟೆಗೆ ಹೋಗಿ ಕುಳಿತರೆ ಯಾರೋ ಬಡಿಸುತ್ತಾರೆ ಅಂದರೆ ಪನೀರ್ ಆದರೂ ಆಗಲಿ, ನಾನು ತಿನ್ನುತ್ತೇನೆ.

ಅಣ್ಣ: ಆಯ್ತಲ್ಲ. ಇನ್ನೇನಿದೆ?

ನಾನು: ಅತ್ತಿಗೆ, ನಿಮ್ಮ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಊಟದ ಜವಾಬ್ದಾರಿ ನನಗೆ ಬಿಡಿ. ಎಲ್ಲಿಗೆ, ಏನು, ಎಷ್ಟು ಹೊತ್ತಿಗೆ, ಅವ್ವನಿಗೆ ಏನು, ಎಲ್ಲ ನಾನು ನೋಡಿಕೊಳ್ಳುತ್ತೇನೆ. ಏನು ತಿನ್ನೋಣ ಅಂತ ನಿಮ್ಮನ್ನು ಒಂದು ಸಲವೂ ಯಾರೂ ಕೇಳುವುದಿಲ್ಲ.

ಅತ್ತಿಗೆ: ಬರೆದು ಕೊಡು.

ಅಣ್ಣನ ಮಗ: ಅತ್ತೆ, ಈ ರೀಲ್ ನೋಡಿ. ಹ್ಯಾವ್ಲಾಕ್‌ನಲ್ಲಿ ಕಡಲ ಪಕ್ಕದ ಕೆಫೆ. ಸ್ಮೂದಿ, ಪಿಜ್ಜಾ, ಲಾಬ್‌ಸ್ಟರ್ ಎಲ್ಲ ಇದೆ. ಎಲ್ಲ ಊಟವೂ ಇಂಥ ಕಡೆಯೇ ಮಾಡೋಣ.

ನಾನು: ಒಂದು ಸಂಜೆ ಖಂಡಿತ ಹೋಗೋಣ ಮರಿ. ಲಾಬ್‌ಸ್ಟರ್ ಮಾತ್ರ ತೂಕದ ಲೆಕ್ಕ. ತಕ್ಕಡಿಗೆ ಹಾಕುವ ಮೊದಲೇ ದರ ಕೇಳಬೇಕು, ಇಲ್ಲದಿದ್ದರೆ ಬಿಲ್ ನೋಡಿ ನಿಮ್ಮಪ್ಪನ ಮುಖ ಬಾಡುತ್ತೆ. ಎಲ್ಲ ಹೊತ್ತೂ ಕೆಫೆ ಯಾಕೆ ಬೇಡ ಅಂತ ಈಗ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಓದಿ.

ದ್ವೀಪದಲ್ಲಿ ಊಟ ಅಂದರೆ ಮೊದಲು ಕೇಳಬೇಕಾದ್ದು, ಇದು ಎಲ್ಲಿಂದ ಬಂತು ಅಂತ. ಅಂಡಮಾನಿಗೆ ಬೇಳೆ, ಗೋಧಿ, ಉಳ್ಳಾಗಡ್ಡಿ, ಆಲೂಗಡ್ಡೆ ಬಹುಪಾಲು ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣದ ಕಡೆಯಿಂದ ಹಡಗಿನಲ್ಲಿ ಬರಬೇಕು. ಹಡಗಿಗೆ ಸುಮಾರು ಮೂರು ದಿನ. ಹ್ಯಾವ್ಲಾಕ್‌ಗೆ ಹೋಗಬೇಕಾದರೆ ಅಲ್ಲಿಂದ ಮತ್ತೊಂದು ದೋಣಿ. ಹಾಗಾಗಿ ಹೋಟೆಲಿನ ಬಫೆಯಲ್ಲಿ ನಮಗೆ ಪರಿಚಯದ್ದು ಅನ್ನಿಸುವ ಊಟವೇ ಅಲ್ಲಿ ಹಳೆಯದು, ದುಬಾರಿಯದು. ಅದೇ ದಿನದ್ದು ಬೇಕಂದರೆ ಮೀನು, ತೆಂಗು, ಬಾಳೆ, ಕುಂಬಳ, ಸೊಪ್ಪು. ನೀಲ್ ದ್ವೀಪ ಅಂತೂ ತರಕಾರಿಗೇ ಹೆಸರುವಾಸಿ. ಅಲ್ಲಿಂದ ಪೋರ್ಟ್ ಬ್ಲೇರ್‌ಗೂ ತರಕಾರಿ ಹೋಗುತ್ತದೆ. ಬೆಳಿಗ್ಗೆ ಸಂತೆಗೆ ಹೋದರೆ ಬದನೆ, ಬೆಂಡೆ, ಹೀರೆ ಇನ್ನೂ ಇಬ್ಬನಿ ಒದ್ದೆಯಲ್ಲಿ ಇರುತ್ತವೆ.

ಎರಡನೆಯದು ಹೊತ್ತು. ಗಡಿಯಾರ ನಮ್ಮದೇ, ಆದರೆ ಡಿಸೆಂಬರಿನಲ್ಲಿ ಅಲ್ಲಿ ಸಂಜೆ 5ಕ್ಕೆ ಸೂರ್ಯ ಮುಳುಗುತ್ತಾನೆ. ಐದೂವರೆಗೆ ಕತ್ತಲು. ಬೆಳಿಗ್ಗೆ ಐದೂವರೆಗೆ ಬೆಳಕು. ಎಲ್ಲರೂ ಬೇಗ ಎದ್ದು ಬೇಗ ಸುಸ್ತಾಗುತ್ತಾರೆ. ರಾತ್ರಿ 8ರ ಬಫೆ ಹೊತ್ತಿಗೆ ನಮ್ಮ ಮಕ್ಕಳು ನಿದ್ದೆಯಲ್ಲಿ ತೂಗುತ್ತಿದ್ದರು. ದೊಡ್ಡ ಊಟ ಮಧ್ಯಾಹ್ನವೇ ಆಗಬೇಕು, ಸಣ್ಣ ಹೋಟೆಲುಗಳಲ್ಲಿ ಬಿಸಿ ಅಡುಗೆ ಆಗುವುದೂ ಆಗಲೇ. ಸಂಜೆ ಏಳಕ್ಕೆ ಏನಾದರೂ ಹಗುರ ತಿಂದು ಮಲಗಿದರೆ ಸಾಕು.

ಅಣ್ಣ: ಇಷ್ಟೆಲ್ಲ ಸರಿ. ಹೊಟ್ಟೆ ಕೆಟ್ಟರೆ? ದೋಣಿಯಲ್ಲಿ ವಾಂತಿ ಆದರೆ?

ನಾನು: ದೋಣಿಯಲ್ಲಿ ವಾಂತಿ ಆಗುವುದಕ್ಕೆ ಹೋಟೆಲ್ ಊಟ, ಹೊರಗಿನ ಊಟ ಅಂತ ಇಲ್ಲ ಅಣ್ಣ. ಹೊಟ್ಟೆ ಬಿರಿಯ ತಿಂದು ಹತ್ತಿದರೆ ಯಾರಿಗಾದರೂ ಆಗುತ್ತದೆ. ಖಾಸಗಿ ದೋಣಿ ಹ್ಯಾವ್ಲಾಕ್‌ಗೆ ಸುಮಾರು ಒಂದೂವರೆ ಗಂಟೆ. ಹತ್ತುವ ಮೊದಲು ಎರಡು ಇಡ್ಲಿ ಸಾಕು, ಎಣ್ಣೆಯದು ಬೇಡ. ಬೆಳಗಿನ ದೋಣಿ ಇದ್ದ ದಿನ ನಮ್ಮ ಹೋಟೆಲಿನವರು ಡಬ್ಬಿಯಲ್ಲಿ ಒಣ ಬ್ರೆಡ್ಡು, ಜಾಮು ಕೊಟ್ಟು ಕಳಿಸಿದ್ದರು. ಅದಕ್ಕೂ ತಿಂಡಿ ಸೇರಿದೆ ಅನ್ನುವ ಲೆಕ್ಕವೇ. ಏಜೆಂಟರನ್ನು ಇದೊಂದು ಈಗಲೇ ಕೇಳಿಡು.

ಕಾಕಾ: ಅವ್ವನದು ಏನು ಮಾಡುತ್ತೀ? ಅವರು ಮಾಂಸ, ಮೀನು ಬಿಟ್ಟು ಎಂಟು ವರ್ಷ. ಮೀನು ಕುದಿಸಿದ ಮನೆಯಲ್ಲಿ ಊಟ ಮಾಡುತ್ತಾರಾ?

ನಾನು: ಇದು ನಾನೇ ಜಾಸ್ತಿ ಯೋಚನೆ ಮಾಡಿದ ವಿಷಯ ಕಾಕಾ. ಪೋರ್ಟ್ ಬ್ಲೇರ್‌ನಲ್ಲಿ ಚಿಂತೆಯೇ ಇಲ್ಲ. ಅಬರ್ದೀನ್ ಬಜಾರಿನಲ್ಲಿ ದೋಸೆ, ಇಡ್ಲಿ, ಅನ್ನ ಸಾಂಬಾರು ಸಿಗುತ್ತದೆ. ಅಲ್ಲಿನ ಅನ್ನಪೂರ್ಣ ಪೂರ್ತಿ ಸಸ್ಯಾಹಾರಿ. ಆ ಊರಲ್ಲಿ ತಮಿಳರು, ತೆಲುಗರು ಬಹಳ. ನಾವು ಕುಳಿತಿದ್ದ ಒಂದು ಕಡೆ ನೀರು ತಂದಿಟ್ಟ ಹುಡುಗ ಪಕ್ಕದವನ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದ. ನಾನೂ ತೆಲುಗಿನಲ್ಲೇ ಕೇಳಿದೆ. ಒಳಗೆ ಹೋಗಿ ಒಂದು ಬಟ್ಟಲು ಕೆಂಪು ಖಾರದ ಪಚ್ಚಡಿ ತಂದಿಟ್ಟ, ಬಿಲ್ಲಿಗೆ ಹಾಕಲಿಲ್ಲ. ಅತ್ತಿಗೆ, ನಿಮ್ಮ ತವರು ಆಂಧ್ರ ಕ್ಯಾಂಪಿನ ಪಕ್ಕ, ನಿಮಗೆ ನನಗಿಂತ ಚೆನ್ನಾಗಿ ಬರುತ್ತದಲ್ಲ.

ಹ್ಯಾವ್ಲಾಕ್‌ನಲ್ಲಿ ಸಣ್ಣ ಹೋಟೆಲುಗಳಲ್ಲಿ ಒಲೆ ಒಂದೇ, ಪಾತ್ರೆ ಬೇರೆ. ಇದನ್ನು ಅವ್ವನಿಗೆ ಮುಚ್ಚಿಟ್ಟು ಕರೆದುಕೊಂಡು ಹೋಗುವುದಿಲ್ಲ. ಅವರು ಬೇಡ ಅಂದರೆ ಬೇಡ. ಆ ಎರಡು ದಿನ ಅವ್ವನಿಗೆ ಮಾತ್ರ ಹೋಟೆಲಿನಲ್ಲೇ ಅನ್ನ, ಬೇಳೆ ಹೇಳಿ ಮಾಡಿಸೋಣ. ಒಬ್ಬರಿಗೆ ಆಗುವುದನ್ನು ಒಂಬತ್ತು ಜನಕ್ಕೆ ಕೊಳ್ಳುವುದು ಬೇಡ ಅಂತ ನನ್ನ ಮಾತು.

ಅತ್ತಿಗೆ: ಆ ಹ್ಯಾವ್ಲಾಕ್‌ನಲ್ಲಿ ಅಷ್ಟು ಚೆನ್ನಾಗಿ ತಿಂದದ್ದು ಏನು? ನೀನು ಬಂದಾಗಿನಿಂದ ಹೇಳುತ್ತಿದ್ದೀಯ, ಪೂರ್ತಿ ಹೇಳಿಲ್ಲ.

ನಾನು: ಹೇಳುತ್ತೇನೆ. ಮೂರನೇ ದಿನ ಬೆಳಿಗ್ಗೆ ಊರೊಳಗಿನ ಬಜಾರಿಗೆ ಹೋಗಿದ್ದೆವು. ಅದಕ್ಕೆ 3ನೇ ನಂಬರ್ ಅನ್ನುತ್ತಾರೆ. ಅಲ್ಲಿ ಎಲ್ಲ ಕಡೆಗೂ ನಂಬರೇ. ರಾಧಾನಗರ ಬೀಚು 7, ವಿಜಯನಗರ 5. ಬಜಾರಿನ ಕೊನೆಗೆ ತಗಡಿನ ಮಾಡು, ನಾಲ್ಕು ಮೇಜು, ಬೋರ್ಡಿಲ್ಲ. ಒಬ್ಬ ಅಮ್ಮ ನೆಲದ ಮೇಲೆ ಕುಳಿತು ಸುರ್ಮಾಯಿ ಮೀನು ಕೊಯ್ಯುತ್ತಿದ್ದರು. ಕೈಯಲ್ಲಿ ಚಾಕು ಇಲ್ಲ. ನಮ್ಮ ಈಳಿಗೆ ಮಣೆ ಥರದ್ದೇ, ಕಾಲಿನಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮೀನು ಹಿಡಿದು ಅಲಗಿಗೆ ಒತ್ತುತ್ತಿದ್ದರು. ತುಂಡು ಒಂದೇ ಅಳತೆ. ಕಿವಿರು ಇನ್ನೂ ಕೆಂಪಗಿತ್ತು. ಸಾಸಿವೆ, ಹಸಿಮೆಣಸಿನಕಾಯಿ ಕಲ್ಲಿನ ಮೇಲೆ ಅರೆದು, ಅರಿಶಿನ ಹಚ್ಚಿ ಹುರಿದ ಮೀನಿನ ಮೇಲೆ ಹಾಕಿ ಕುದಿಸಿದರು. ತೆಳ್ಳಗಿನ ಸಾರು, ಮಸಾಲೆ ಅಂದರೆ ಅಷ್ಟೇ.

ಸ್ಟೀಲ್ ತಟ್ಟೆ. ಮಧ್ಯೆ ಅನ್ನ, ಒಂದು ಕಡೆ ಬೇಳೆ, ಕೆಂಪು ದಂಟಿನ ಸೊಪ್ಪಿನ ಪಲ್ಯ, ಕುಂಬಳಕಾಯಿ, ಹುರಿದ ಬದನೆಕಾಯಿಯ ಒಂದು ಹೋಳು. ಸೊಪ್ಪಿನ ಬಣ್ಣ ಅನ್ನಕ್ಕೆ ಹತ್ತಿ ಅನ್ನ ಗುಲಾಬಿ ಆಗಿತ್ತು. ಮೀನಿನ ಸಾರು ಮೇಲೆ ಹಾಕಿದಾಗ ಸಾಸಿವೆ ಘಾಟು ಮೂಗಿಗೆ ಹೋಯಿತು. ಕಾಕಾ, ಸಾಸಿವೆ ಎಣ್ಣೆ ವಾಸನೆ ಮೊದಲನೇ ತುತ್ತಿಗೆ ಗೊತ್ತಾಗುತ್ತದೆ, ಸುಳ್ಳು ಹೇಳುವುದಿಲ್ಲ. ಮೂರನೇ ತುತ್ತಿಗೆ ಇಲ್ಲ. ಮೀನಿನ ವಾಸನೆ ಅಂತೂ ಇರಲೇ ಇಲ್ಲ, ಅವತ್ತಿನ ಮೀನಿಗೆ ಎಲ್ಲಿಂದ ಬರುತ್ತೆ? ಅನ್ನ ಎರಡು ಸಲ ತಾವೇ ಬಂದು ಬಡಿಸಿದರು. ನಾನು ಕೊಟ್ಟದ್ದು 220 ರೂಪಾಯಿ. ಅವತ್ತು ರಾತ್ರಿ ಹೋಟೆಲ್ ಬಫೆಗೆ ನಾನು ಹೋಗಲಿಲ್ಲ, ಅದರ ದುಡ್ಡು ಮಾತ್ರ ಹೋಯಿತು.

ಕಾಕಾ: ಆ ಅಮ್ಮ ಬಂಗಾಳಿಯಾ?

ನಾನು: ಹೌದ್ರಿ ಕಾಕಾ. ದೇಶ ವಿಭಜನೆ ಆದ ಮೇಲೆ ಪೂರ್ವ ಬಂಗಾಳದಿಂದ ಬಂದವರಿಗೆ ಸರ್ಕಾರ ಹ್ಯಾವ್ಲಾಕ್, ನೀಲ್‌ನಲ್ಲಿ ಭೂಮಿ ಕೊಟ್ಟಿತು. ಆ ದ್ವೀಪಗಳಲ್ಲಿ ಊರು ಕಟ್ಟಿದವರೇ ಹೆಚ್ಚಾಗಿ ಅವರು. ಅಲ್ಲಿನ ಮನೆ ಊಟ ಅಂದರೆ ಅದೇ.

ಕಾಕಾ: ಹಾಗಾದರೆ ನಮ್ಮ ಆರ್.ಎಚ್. ಕ್ಯಾಂಪಿನ ಬಂಗಾಳಿ ನಿರಾಶ್ರಿತರ ಥರ.

ನಾನು: ಅದನ್ನೇ ಹೇಳಬೇಕು ಅಂತಿದ್ದೆ. ನಮ್ಮ ಸಿಂಧನೂರಿನ ಕ್ಯಾಂಪುಗಳಿಗೆ ಅವರು 1970ರ ದಶಕದಲ್ಲಿ ಬಂದರು, ಅಂಡಮಾನಿಗೆ ಇನ್ನೂ ಮೊದಲೇ ಹೋದರು.

ಕಾಕಾ: ನಿನಗೆ ಗೊತ್ತಿಲ್ಲ ತಂಗಿ. ಗೊಬ್ಬರದ ಅಂಗಡಿ ಇದ್ದಾಗ ನಾನು ಕ್ಯಾಂಪಿಗೆ ವಸೂಲಿಗೆ ಹೋಗುತ್ತಿದ್ದೆ. ಬಾಕಿ ಕೊಡಲಿಕ್ಕೆ ದುಡ್ಡಿಲ್ಲ ಅಂದರೂ ಊಟ ಹಾಕದೆ ಕಳಿಸುತ್ತಿರಲಿಲ್ಲ. ಮನೆ ಹಿಂದೆ ಸಣ್ಣ ಹೊಂಡ. ಬಲೆ ಬೀಸಿ ಹಿಡಿದು, ಕಣ್ಣ ಮುಂದೆ ಕೊಯ್ದು ಸಾರು ಮಾಡುತ್ತಿದ್ದರು. ತೆಳ್ಳಗಿನ ಸಾರು, ಹಸಿಮೆಣಸಿನಕಾಯಿ ಸೀಳಿ ಹಾಕಿದ್ದು. ನೀನು ಬರೆದದ್ದು ಓದಿದ ಕೂಡಲೇ ಅದೇ ನೆನಪಾಯಿತು. ಅಂಗಡಿ ಮುಚ್ಚಿದ ಮೇಲೆ ಆ ಕಡೆ ಹೋಗಿಯೇ ಇಲ್ಲ.

ಅಣ್ಣನ ಮಗ: ಸಣ್ಣಜ್ಜ ಈಗ ಸಮುದ್ರದ ಮೀನು ತಿನ್ನುತ್ತಾರಾ?

ಕಾಕಾ: ಹಾಗೆ ಮಾಡಿದರೆ ತಿನ್ನುತ್ತೇನೆ.

ಅಣ್ಣ: ನಾನೊಬ್ಬನೇ ಉಳಿದೆ ಅನ್ನಿ. ನನ್ನ ಭಯ ಹೇಳುತ್ತೇನೆ. 9 ಜನರ ಜವಾಬ್ದಾರಿ ನನ್ನ ಮೇಲಿದೆ. ಆ ಅಮ್ಮನ ಹೋಟೆಲ್ ಅವತ್ತು ಮುಚ್ಚಿದ್ದರೆ? ಒಮ್ಮೆಗೆ 9 ಜನ ಹೋದರೆ ಅವರಿಗೆ ಆಗುತ್ತದಾ? ಫೋನ್ ಪೇ ನಡೆಯದಿದ್ದರೆ?

ನಾನು: ಮೂರೂ ಸರಿಯಾದ ಪ್ರಶ್ನೆ. 9 ಜನ ಹೇಳದೆ ಹೋಗಿ ಕುಳಿತರೆ ಯಾವ ಸಣ್ಣ ಹೋಟೆಲಿಗೂ ಕಷ್ಟ. ಬೆಳಿಗ್ಗೆ ನಾನೇ ಹೋಗಿ ಇಷ್ಟು ಜನ, ಇಷ್ಟು ಹೊತ್ತಿಗೆ, ಎರಡು ತಟ್ಟೆ ಮೀನಿಲ್ಲದ್ದು ಅಂತ ಹೇಳಿ, ಮೀನಿನ ದುಡ್ಡು ಮುಂಗಡ ಕೊಟ್ಟು ಬರುತ್ತೇನೆ. ಅವರು ಮುಚ್ಚಿದ್ದರೆ ರಾಧಾನಗರ ಬೀಚಿನ ಬಾಗಿಲಲ್ಲೇ ಸಾಲಾಗಿ ಊಟದ ಅಂಗಡಿಗಳಿವೆ, ಹೇಗೂ ಅಲ್ಲಿಗೆ ಹೋಗುತ್ತೇವೆ. ಯಾವ ಮೀನು ಅಂತ ಕೇಳಿ, ತೋರಿಸಿ ಅನ್ನಬೇಕು. ಅಲ್ಲಿ ಯಾರೂ ಬೇಜಾರಾಗುವುದಿಲ್ಲ. ಸುರ್ಮಾಯಿ, ಕೊಕಾರಿ, ಟೂನಾ ತಿನ್ನೋಣ. ಬಣ್ಣಬಣ್ಣದ ಗಿಳಿ ಮೀನು ಯಾರಾದರೂ ತೋರಿಸಿದರೆ ಬೇಡ ಅನ್ನೋಣ. ಅದು ಹವಳದ ಮೇಲಿನ ಪಾಚಿ ತಿಂದು ಹವಳ ಉಳಿಸುವ ಮೀನು. ನಾವು ನೋಡಲಿಕ್ಕೆ ಹೋಗುವುದೇ ಆ ಹವಳವನ್ನು, ಅಲ್ವಾ?

ನೆಟ್‌ವರ್ಕ್ ಮೊದಲಿನ ಹಾಗಿಲ್ಲ, 2020ರಲ್ಲಿ ಚೆನ್ನೈನಿಂದ ಸಮುದ್ರದೊಳಗೆ ಕೇಬಲ್ ಎಳೆದ ಮೇಲೆ ಸುಧಾರಿಸಿದೆ. ಆದರೂ ಸಣ್ಣ ಅಂಗಡಿಗೆ ನಗದು ಇಟ್ಟುಕೊಳ್ಳೋಣ.

ಅಣ್ಣ: ಅರ್ಧ ನಿನ್ನ ಮಾತು, ಅರ್ಧ ನನ್ನ ಮಾತು. ಪೋರ್ಟ್ ಬ್ಲೇರ್‌ನ ಎರಡು ರಾತ್ರಿ ಹೋಟೆಲ್ ಊಟ ಇರಲಿ. ಮೊದಲನೇ ದಿನ ರೈಲು, ವಿಮಾನ ಅಂತ ಎಲ್ಲರೂ ಸುಸ್ತಾಗಿರುತ್ತೇವೆ. ಕೊನೇ ದಿನ ಗಂಟು ಮೂಟೆ ಕಟ್ಟಬೇಕು. ಹ್ಯಾವ್ಲಾಕ್, ನೀಲ್ ಮೂರು ರಾತ್ರಿ ತೆಗೆಸುತ್ತೇನೆ. 17,550 ಉಳಿಯುತ್ತದೆ. ಆ ದುಡ್ಡು ನಿನ್ನ ಕೈಗೆ ಕೊಡುತ್ತೇನೆ.

ನಾನು: ಒಪ್ಪಿದೆ. ಮೊದಲ ರಾತ್ರಿಯ ವಿಷಯ ನೀನು ಹೇಳಿದ್ದೇ ಸರಿ, ನಾನು ಅದನ್ನು ಯೋಚಿಸಿರಲಿಲ್ಲ.

ಅತ್ತಿಗೆ: ಜವಾಬ್ದಾರಿ ಬರೆದು ಕೊಟ್ಟಿಲ್ಲ ಇನ್ನೂ.

ನಾನು: ಇಲ್ಲೇ ಬರೆಯುತ್ತಿದ್ದೇನೆ ಅತ್ತಿಗೆ. ಹ್ಯಾವ್ಲಾಕ್ ಮತ್ತು ನೀಲ್‌ನಲ್ಲಿ ಮೂರು ದಿನ ಊಟದ ಎಲ್ಲ ಕೆಲಸ ನನ್ನದು. ನೀವು ಕಡಲ ಕಡೆ ಮುಖ ಮಾಡಿ ಕುಳಿತಿರಿ. ತಟ್ಟೆ ಬಂದಾಗ ಕರೆಯುತ್ತೇನೆ.

ಅತ್ತಿಗೆ: ಹೂಂ. ನನ್ನದು ಒಪ್ಪಿಗೆ.

ಆಮೇಲೆ ಅವ್ವ ಅಣ್ಣನ ಫೋನಿನಿಂದ ಧ್ವನಿ ಸಂದೇಶ ಕಳಿಸಿದರು. ಮಧ್ಯಾಹ್ನದಿಂದ ಮೊಮ್ಮಗ ಎಲ್ಲವನ್ನೂ ಓದಿ ಹೇಳುತ್ತಿದ್ದನಂತೆ. ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ:

"ನನ್ನ ಊಟದ ಸಲುವಾಗಿ ಇಷ್ಟು ಮಾತು ಯಾಕೆ? ಪಾತ್ರೆ ಬೇರೆ ಇದ್ದರೆ ನನಗೆ ಸಾಕು. ಕ್ಯಾಂಪಿನ ಹೆಣ್ಣುಮಕ್ಕಳು ಕಳೆ ತೆಗೆಯಲಿಕ್ಕೆ ನಮ್ಮ ಹೊಲಕ್ಕೆ ಬಂದಾಗ ಬುತ್ತಿ ಬಿಚ್ಚಿ ಸೊಪ್ಪಿನ ಪಲ್ಯ ಕೊಡುತ್ತಿದ್ದರು, ನಾನು ತಿಂದಿದ್ದೇನೆ. ರೊಟ್ಟಿ ನಲವತ್ತು ಬಡಿಯುತ್ತೇನೆ, ಗುರೆಳ್ಳು ಪುಡಿ ಒಂದು ಡಬ್ಬಿ. ಆ ಅಮ್ಮನಿಗೂ ನಾಲ್ಕು ರೊಟ್ಟಿ ಕೊಟ್ಟು ಬರೋಣ. ಅವರಿಗೆ ಹಲ್ಲು ಗಟ್ಟಿ ಇವೆಯಾ, ಕೇಳು."

ಕಾಕಾ: ನಲವತ್ತು ಸಾಲುವುದಿಲ್ಲ ವೈನಿ. ಅರವತ್ತು ಮಾಡಿ.