ಅಪ್‌ಡೇಟ್: ದೇವಸ್ಥಾನದ ಭದ್ರತೆಗೆ ಅನುದಾನ, ಅರ್ಜಿ ಹಾಕಿದೆವು

2023ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂವರ್ಕ್‌ನ ಸ್ವಾಮಿನಾರಾಯಣ ಮಂದಿರದ ಗೋಡೆ ಮೇಲೆ ಗೀಚಿದ್ದರಲ್ಲ, ಇದೇ ರಾಜ್ಯದ ನಮ್ಮ ದೇವಸ್ಥಾನಕ್ಕೂ ಹಾಗೇ ಆದಾಗ ಕ್ಯಾಮೆರಾ, ಗೇಟಿಗೆ ದುಡ್ಡು ಎಲ್ಲಿಂದ ತರೋದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ನೀವು ಹೇಳಿದಂತೆ ಫೆಮಾದ (ಅಮೆರಿಕ ಕೇಂದ್ರ ಸರ್ಕಾರದ ತುರ್ತು ನಿರ್ವಹಣಾ ಸಂಸ್ಥೆ) ನಾನ್‌ಪ್ರಾಫಿಟ್ ಸೆಕ್ಯುರಿಟಿ ಗ್ರಾಂಟ್‌ಗೇ, ಅಂದ್ರೆ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಭದ್ರತೆಗೆ ಕೊಡೋ ಅನುದಾನಕ್ಕೇ, ಅರ್ಜಿ ಹಾಕಿದೆವು. 2023ರಲ್ಲಿ ಇದಕ್ಕೆ 30.5 ಕೋಟಿ ಡಾಲರ್ ಇಟ್ಟಿದ್ದರು. ದುಡ್ಡು ಕೇಂದ್ರದ್ದು, ಅರ್ಜಿ ಮಾತ್ರ ರಾಜ್ಯದ ಕಚೇರಿ ಮೂಲಕ. ಸಂಸ್ಥೆ ತನ್ನ ಪಾಲು ಅಂತ ಏನೂ ಹಾಕಬೇಕಿಲ್ಲ. ಆದರೆ ಮೊದಲು ನಾವೇ ಖರ್ಚು ಮಾಡಿ, ಬಿಲ್ ಕೊಟ್ಟು, ಆಮೇಲೆ ವಾಪಸ್ ಪಡೀಬೇಕು. ಸಣ್ಣ ದೇವಸ್ಥಾನ, ಮಸೀದಿ, ಗುರುದ್ವಾರಗಳಿಗೆ ಇದು ನಿಜಕ್ಕೂ ಭಾರ. ಈ ನಿಯಮ ಬದಲಾಗಲೇಬೇಕು. ನಮ್ಮಲ್ಲಿ ಕೆಲವು ಭಕ್ತರು ಕೈಸಾಲ ಕೊಡೋಕೆ ಒಪ್ಪಿದ್ದಾರೆ.

ಅರ್ಜಿಯ ಜೀವಾಳ ಅಂದ್ರೆ ಅಪಾಯ ಎಲ್ಲೆಲ್ಲಿದೆ ಅನ್ನೋ ಪರಿಶೀಲನಾ ವರದಿ. ಅದಕ್ಕೆ ಬಂದ ಪೊಲೀಸ್ ಅಧಿಕಾರಿ ಚಪ್ಪಲಿ ಸ್ಟ್ಯಾಂಡ್ ಹತ್ತಿರ ತುಂಬ ಹೊತ್ತು ನಿಂತರು. ಹಬ್ಬದ ದಿನ ಮಕ್ಕಳು, ವಯಸ್ಸಾದವರು ಅಲ್ಲೇ ಗುಂಪಾಗಿರ್ತಾರೆ, ಪಾರ್ಕಿಂಗ್‌ನಿಂದ ಕಾರು ನೇರವಾಗಿ ನುಗ್ಗಬಹುದು ಅಂದರು. ನಮಗ್ಯಾರಿಗೂ ಅದು ಹೊಳೆದಿರಲಿಲ್ಲ. ಈಗ ಕ್ಯಾಮೆರಾಗಿಂತ ಮೊದಲು ಬೊಲಾರ್ಡ್, ಅಂದ್ರೆ ಕಾರು ನುಗ್ಗದಂತೆ ನೆಲದಲ್ಲಿ ಹೂಳೋ ಗಟ್ಟಿ ಕಂಬ, ಕೇಳಿದ್ದೇವೆ.

ಇನ್ನೊಂದು ಮಾತು: ಮಂಜೂರಾದರೂ ಪರಿಸರ ಪರಿಶೀಲನೆ ಮುಗಿಯೋವರೆಗೆ ಗುಂಡಿ ತೋಡುವಂತಿಲ್ಲ.

ಫಲಿತಾಂಶ ಇನ್ನೂ ಬಂದಿಲ್ಲ. ವರದಿಯ ನಮೂನೆ ಬೇಕಾದ ಸಂಸ್ಥೆಯವರು ಕೇಳಿ, ಕಳಿಸ್ತೀನಿ.